ಕೊನೆಯ ಸಾಲಿನ ಪಿಳ್ಳಮ್ಮ

ಸಾಸಲು ಕಡೆಯ ಆ ಗುಲಾಬಿ ತೋಟದಲ್ಲಿ ಪಿಳ್ಳಮ್ಮ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸು ಬಾಗಿಲಿಂದ ಆಚೆ ತುದಿಗೆ ನೂರು ಮೀಟರಿಗೆ ಕಮ್ಮಿಯಿಲ್ಲ. ಆ ತುದಿಯ ಸಾಲುಗಳು ಅವಳವು. ಅಲ್ಲಿ ಸೆಕೆ ಹೆಚ್ಚು, ಗಾಳಿ ಆಡದು, ಹೂವಿನ ಬಕೆಟ್ಟನ್ನು ಅಷ್ಟು ದೂರದಿಂದ ಹೊತ್ತು ತರಬೇಕು. ಬೇರೆಯವರು ಬೇಡವೆಂದ ಜಾಗವನ್ನು ಇವಳು ತನಗಿರಲಿ ಎಂದು ಇಟ್ಟುಕೊಂಡಿದ್ದಳು. ಬೆಳಗ್ಗೆ ಆರಕ್ಕೆ ಮೊದಲ ಗಿಡವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕತ್ತರಿ ಹಿಡಿಯುವಳು. ಯಾವ ಮೊಗ್ಗು ಇವತ್ತಿಗೆ, ಯಾವುದು ನಾಳೆಗೆ ಎನ್ನುವುದನ್ನು ಅವಳ ಬೆರಳೇ ಹೇಳುತ್ತಿತ್ತು. ಬಿಸಿಲೇರಿ ಮೊಗ್ಗು ಬಿರಿದರೆ ಆ ಹೂವು ಮಾರಾಟಕ್ಕಿಲ್ಲ. ಅವಳ ಸಾಲಿನಲ್ಲಿ ಹಾಗೆ ಬಿರಿದದ್ದು ಅಪರೂಪ.

ಒಳಗೆ ಫೋನು ಒಯ್ಯಬಾರದೆನ್ನುವುದು ಕಂಪನಿಯ ಹಳೇ ಕಟ್ಟಳೆ. ಯಾರೋ ಒಬ್ಬಳು ಮಾತಾಡುತ್ತಾ ಮೊಗ್ಗಿನ ಬದಲು ಎಳೇ ಚಿಗುರು ಕತ್ತರಿಸಿದ ದಿನದಿಂದ ಬಂದದ್ದು. ಹೆಂಗಸರೆಲ್ಲ ಬುತ್ತಿ ಚೀಲದಲ್ಲಿ ಫೋನು ಹಾಕಿ, ಬಾಗಿಲ ಪಕ್ಕದ ಕಂಬಿಗೆ ನೇತುಹಾಕಿ ಒಳಗೆ ಹೋಗುತ್ತಿದ್ದರು.

ಈ ವರ್ಷ ಯುಗಾದಿ ಕಳೆದ ಮೇಲೆ ಆಫೀಸಿನವರು ಎಲ್ಲರ ಕೈಗೂ ಒಂದೊಂದು ಸ್ಮಾರ್ಟ್ ವಾಚು ಕಟ್ಟಿದರು. ಸೂಪರ್‌ವೈಸರ್ ಸುನಿಲ್‌ಕುಮಾರ್ ಅವರವರ ಫೋನಿಗೆ ಅವರವರ ವಾಚು ಸೇರಿಸಿಕೊಟ್ಟ. ವಾಚು ಫೋನಿನ ಜೊತೆ ಕೂಡಿಕೊಂಡಿರುವಷ್ಟು ಹೊತ್ತು ಕೆಲಸದ ಹೊತ್ತು. ನಂಟು ಕಡಿದರೆ ಕೆಲಸ ಬಿಟ್ಟಂತೆ. ತಂತಿಯಿಲ್ಲದ ಆ ನಂಟು ಎಷ್ಟು ದೂರ ತಾಳುತ್ತದೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಫೋನಿನ ಹಳೇ ಕಟ್ಟಳೆಯನ್ನೂ ಯಾರೂ ತೆಗೆಯಲಿಲ್ಲ. ಹಾಗಾಗಿ ವಾಚು ಕೈಯಲ್ಲಿ ಒಳಗೆ ಹೋಯಿತು, ಫೋನು ಕಂಬಿಯ ಮೇಲೆ ಹೊರಗೇ ಉಳಿಯಿತು. ಬೆಳಗ್ಗೆ ಒಳಗೆ ನಡೆಯುವಾಗ ವಾಚು ಒಮ್ಮೆ ನಡುಗುತ್ತಿತ್ತು. ಟೈಮು ಹೇಳುತ್ತಿದೆ ಅಂದುಕೊಂಡು ಪಿಳ್ಳಮ್ಮ ಸುಮ್ಮನಾಗುತ್ತಿದ್ದಳು.

ಹದಿನೈದು ದಿನ ಕಳೆದು, ಬೆಳಗಿನ ಹಾಜರಿಯಲ್ಲಿ ಸುನಿಲ್‌ಕುಮಾರ್ ವಾಚು ಲೆಕ್ಕ ಹಾಕಿದ ಕೆಲಸದ ಹೊತ್ತಿನ ಒಂದು ಪಟ್ಟಿ ಓದಿದ. ಎಲ್ಲರಿಗಿಂತ ಮೇಲೆ ದೊಡ್ಡಬಳ್ಳಾಪುರದ ಖುಷ್ನುಮಾ. ಎಲ್ಲರಿಗಿಂತ ಕೆಳಗೆ ಪಿಳ್ಳಮ್ಮ, ದಿನದ ಎಂಟು ಗಂಟೆಯಲ್ಲಿ ಒಂದೂಕಾಲು ಗಂಟೆ. ಓದಿ, ಪಟ್ಟಿಯನ್ನು ಹಾಜರಿ ಬೋರ್ಡಿಗೆ ಅಂಟಿಸಿದ.

"ಕೊನೆ ಸಾಲು ಯಾರ ಕಣ್ಣಿಗೂ ಬೀಳಲ್ಲ ನೋಡಿ ಆಂಟಿ, ನಿದ್ದೆ ಚೆನ್ನಾಗಿ ಬರುತ್ತೆ. ಸೋಮವಾರದಿಂದ ನೀವು ಶೆಡ್ಡಲ್ಲಿ ಕಸ ಗುಡಿಸಿ."

ನಾಲ್ಕು ಜನ ನಕ್ಕರು. ಪಿಳ್ಳಮ್ಮನ ಕಿವಿ ಸುಟ್ಟಂತಾಯಿತು. ಮಗಳ ಬಾಣಂತನದಲ್ಲೂ ರಜೆ ಹಾಕದೆ ಬಂದವಳು, ಈಗ ಊರವರ ಎದುರಿಗೆ ನಿದ್ದೆಬಡುಕಿ. ಹನ್ನೊಂದು ವರ್ಷದ ಹೂವನ್ನು ನೋಡಿದ ಕಣ್ಣು ಒಂದೂ ಇರಲಿಲ್ಲವೇ ಅಲ್ಲಿ?

ಊಟದ ಹೊತ್ತಿಗೆ ಖುಷ್ನುಮಾ ಹತ್ತಿರ ಬಂದು ಕೂತಳು. ಮಂಡಿನೋವಿನವಳು, ಅದಕ್ಕೇ ಬಾಗಿಲ ಹತ್ತಿರದ ಸಾಲು ಅವಳಿಗೆ. ಅವಳ ಮುಖದಲ್ಲಿ ಗೆದ್ದ ಖುಷಿಯಿರಲಿಲ್ಲ.

"ನಾನ್ಯಾಕೆ ಫಸ್ಟು ಪಿಳ್ಳಮ್ಮಕ್ಕಾ? ಅರ್ಧ ಹೊತ್ತು ಕೂತೇ ಇರ್ತೀನಿ ನಾನು."

ಪಿಳ್ಳಮ್ಮ ತುತ್ತು ಹಿಡಿದು ಹಾಗೇ ಕಂಬಿಯ ಕಡೆ ನೋಡಿದಳು. ಖುಷ್ನುಮಾಳ ಸಾಲಿಂದ ಅವಳ ಚೀಲಕ್ಕೆ ಹತ್ತು ಹೆಜ್ಜೆ. ಕೈ ತೊಳೆದವಳೇ ಬಾಗಿಲಿಂದ ಒಳಕ್ಕೆ ನಡೆದಳು. ಪಾಲಿಹೌಸಿನ ಐದನೇ ಕಂಬ ದಾಟಿದ ಮೇಲೆ ವಾಚು ನಡುಗಿತು, ಫೋನಿನ ನಂಟು ಕಡಿದಿತ್ತು. ವಾಪಸು ಬಂದು ಮತ್ತೆ ನಡೆದಳು. ಮತ್ತೆ ಅಲ್ಲೇ. ಮೂರು ಸಲ ನೋಡಿದ ಮೇಲೆ ಅವಳಿಗೆ ಅಳು ಬರಲಿಲ್ಲ, ಬೆಂಕಿಯಂಥ ಸಿಟ್ಟು ಬಂತು. ತಮ್ಮದೇ ಎರಡು ಕಟ್ಟಳೆ ಒಂದಕ್ಕೊಂದು ಕೂಡುವುದಿಲ್ಲವೆಂದು ನೋಡದವರು, ಎರಡನ್ನೂ ಪಾಲಿಸಿದವಳಿಗೆ ಹೆಸರಿಟ್ಟಿದ್ದರು.

ಆಫೀಸಿಗೆ ಹೋಗಿ ವಾಚು ಬಿಚ್ಚಿ ಸುನಿಲ್‌ಕುಮಾರನ ಮುಂದಿಟ್ಟಳು. ಇದನ್ನು ಕಟ್ಟಿಕೊಂಡು ತನ್ನ ಜೊತೆ ಬರಬೇಕು, ಫೋನು ಕಂಬಿ ಮೇಲೇ ಇರಲಿ ಎಂದಳು. ಅವನು ನಗುತ್ತಲೇ ಎದ್ದು ಬಂದ. ಐದನೇ ಕಂಬ ದಾಟಿ ಮಣಿಕಟ್ಟು ನೋಡಿಕೊಂಡು ನಿಂತ.

"ಯಾಕೆ ನಿಂತ್ರಿ ಸಾರ್? ನಿದ್ದೆ ಬಂತಾ?"

ಕೊನೆಯ ಸಾಲಿನವರೆಗೂ ನಡೆಸಿಕೊಂಡು ಹೋದಳು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬ್ಲೂಟೂತ್ ಇಷ್ಟು ದೂರ ಎಳೆಯುವುದಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡ. ನಾಳೆಯಿಂದ ಎಲ್ಲರೂ ಫೋನನ್ನು ಸೊಂಟದ ಚೀಲದಲ್ಲಿ ಒಳಗೇ ತರಲಿ, ಈ ಸಾಲೂ ನಿಮಗೇ ಇರಲಿ, ಪಟ್ಟಿಯನ್ನು ಸಂಜೆ ಎಲ್ಲರೂ ಹೋದ ಮೇಲೆ ತೆಗೆಯುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ.

"ಓದೋವಾಗ ಯಾರಿಗೂ ಗೊತ್ತಾಗ್ದಂಗೆ ಓದಿದ್ರಾ ಸಾರ್? ಎಲ್ಲರ ಮುಂದೆ ಅಂಟಿಸಿದ್ದು, ಎಲ್ಲರ ಮುಂದೇನೇ ತೆಗೀಬೇಕು. ಅಲ್ಲೀಗಂಟ ಈ ವಾಚು ನಿಮ್ಮತ್ರಾನೇ ಇರ್ಲಿ."

ಮೂರು ದಿನ ಬರಿಗೈಯಲ್ಲೇ ಕೆಲಸ ಮಾಡಿದಳು. ಮೂರು ದಿನವೂ ವಾಚಿನ ಲೆಕ್ಕ ಇಡುವ ಆಪಿನಲ್ಲಿ ಗೈರುಹಾಜರಿ ಬಿತ್ತು. ಬಕೆಟ್ಟುಗಳು ಮಾತ್ರ ಎಂದಿನಂತೆ ತುಂಬಿ ಬಂದವು. ಎರಡನೇ ದಿನ ಖುಷ್ನುಮಾ ತನ್ನ ವಾಚನ್ನೂ ಬಿಚ್ಚಿಟ್ಟು ಬಂದಳು. ನೋಡೋನು ಮೇಲಿದ್ದಾನೆ, ಅವನಿಗೆ ಫೋನು ಬೇಕಿಲ್ಲ ಎಂದಳು. ಸರಿಯೇ, ಆದರೆ ಬೋರ್ಡು ಕೆಳಗಿದೆಯಲ್ಲ ಎಂದಳು ಪಿಳ್ಳಮ್ಮ.

ನಾಲ್ಕನೇ ಬೆಳಗ್ಗೆ ಹಾಜರಿಯಲ್ಲಿ ಸುನಿಲ್‌ಕುಮಾರ್ ಗಂಟಲು ಸರಿಮಾಡಿಕೊಂಡ. ಪಟ್ಟಿ ತಪ್ಪಾಗಿದೆ, ಅದು ವಾಚಿನ ತಪ್ಪು ಎಂದು ಶುರುಮಾಡಿದ.

"ನಿದ್ದೆ ಮಾಡ್ತೀನಿ ಅಂತ ವಾಚು ಅನ್ಲಿಲ್ಲ ಸಾರ್," ಎಂದಳು ಪಿಳ್ಳಮ್ಮ.

ಯಾರೂ ನಗಲಿಲ್ಲ. ಅವನು ನೆಲ ನೋಡಿದ.

"ಅಂದಿದ್ದು ನಾನು. ತಪ್ಪು ನಂದೇ."

ಬೋರ್ಡಿನ ಕಡೆ ತಿರುಗಿ ಪಟ್ಟಿ ಎಳೆದ. ಅಂಟು ಗಟ್ಟಿಯಾಗಿತ್ತು, ಮೇಲಿನ ಅರ್ಧ ಬಂತು, ಅವಳ ಹೆಸರಿದ್ದ ಕೆಳಗಿನ ತುಂಡು ಅಲ್ಲೇ ಉಳಿಯಿತು. ಉಗುರಿನಿಂದ ಕೆರೆಯತೊಡಗಿದ. ಎಲ್ಲರೂ ನಿಂತು ನೋಡಿದರು. ಪಿಳ್ಳಮ್ಮ ಕೊನೆಯ ಚೂರು ಉದುರುವವರೆಗೂ ಕದಲಲಿಲ್ಲ. ಪರವಾಗಿಲ್ಲ ಬಿಡಿ ಸಾರ್ ಎಂಬ ಮಾತು, ಜನ್ಮವೆಲ್ಲ ಆಡಿ ಅಭ್ಯಾಸವಾದ ಮಾತು, ನಾಲಿಗೆ ತುದಿಗೆ ಬಂದಿತ್ತು. ಅದನ್ನು ಆಡದೆಯೇ ಒಳಗೆ ನಡೆದಳು.