ಗೂಡು ಕಾಯುತ್ತಿದ್ದ ಮೀನು

ಅಲಬಾಮಾದ ಒಂದು ಸರೋವರದ ಮೂಲೆಯಲ್ಲಿ ಲೈಮನ್ ಟ್ಯಾಕೆಟ್ ನಲವತ್ತು ವರ್ಷ ಬಿದಿರಿನ ಗಾಳದ ಕೋಲು ಹಿಡಿದು ಕೂರುತ್ತ ಬಂದಿದ್ದ. ಮೀನು ಕಚ್ಚಿದರೆ ಸರಿ, ಇಲ್ಲದಿದ್ದರೆ ಫ್ಲಾಸ್ಕಿನ ಕಾಫಿ ಮುಗಿಸಿ ಮನೆಗೆ. ವಸಂತದಲ್ಲಿ ಮಾತ್ರ ಅಲ್ಲಿ ಗಾಳ ಹಾಕುತ್ತಿರಲಿಲ್ಲ. ಗಂಡು ಬಾಸ್ ಮೀನು ಮರಳಗೂಡಿನಲ್ಲಿ ಮೊಟ್ಟೆ ಕಾಯುವ ಕಾಲ ಅದು.

ಈ ಸಲ ವಸಂತದಲ್ಲೇ ಅಕ್ಕನ ಮಗ ಡ್ವೇನ್ ಅವನನ್ನು ಬಾಸ್ ಹಿಡಿಯುವ ಪಂದ್ಯಕ್ಕೆ ಜೊತೆಗಾರನಾಗಿ ಎಳೆದುಕೊಂಡು ಬಂದಿದ್ದ. ಗಾಳ ಹಾಕಲು ಉಳಿದದ್ದು ಇಪ್ಪತ್ತೇ ನಿಮಿಷ, ತೂಕಕ್ಕೆ ಬೇಕಾದ ಐದರಲ್ಲಿ ಇನ್ನೂ ಒಂದು ಮೀನು ಕಮ್ಮಿ.

"ಮಾವ, ಜನ್ಮವೆಲ್ಲ ತೂಕಡಿಸಿದ್ದೇ ಆಯ್ತು. ಒಂದು ಮೀನಿನ ಜಾಗಾನೂ ಗೊತ್ತಿಲ್ವಾ ನಿಂಗೆ?"

ಲೈಮನ್‌ಗೆ ಉರಿದುಹೋಯಿತು. ಬೆರಳು ಮಾಡಿ ಆ ಮೂಲೆ ತೋರಿಸಿಯೇಬಿಟ್ಟ. ಎರಡೇ ನಿಮಿಷದಲ್ಲಿ ಕಾವಲಿನ ಮೀನು ದೋಣಿಯ ನೀರುತೊಟ್ಟಿಗೆ ಬಿತ್ತು.

ಹನ್ನೆರಡು ಮೈಲಿ ಆಚೆ, ಪಂದ್ಯದ ದಡದಲ್ಲಿ ತೂಕ ಹಾಕಿ, ಫೋಟೊ ತೆಗೆದು, ಅದನ್ನು ಅಲ್ಲೇ ನೀರಿಗೆ ಬಿಟ್ಟರು.

"ಮುಖ ಯಾಕೆ ಹಂಗಿಟ್ಕೊಂಡಿದ್ದೀಯ? ಜೀವಂತ ಬಿಟ್ವಲ್ಲ!" ಎಂದು ಡ್ವೇನ್ ನಕ್ಕ.

ಸಂಜೆ ಲೈಮನ್ ಒಬ್ಬನೇ ಹುಟ್ಟು ಹಾಕಿಕೊಂಡು ಆ ಮೂಲೆಗೆ ಬಂದ. ಗೂಡಿನ ತುಂಬ ಸಣ್ಣ ಮೀನುಗಳು ಮುತ್ತಿಕೊಂಡಿದ್ದವು. ಒಂದನ್ನೂ ಬಿಡುವುದಿಲ್ಲವೆಂದು ಗಾಳ ಎಸೆದ, ಎಳೆದ, ಮತ್ತೆ ಎಸೆದ. ಡ್ವೇನ್ ಕೂಡ ಅಷ್ಟು ಬೇಗ ಹಿಡಿದಿರಲಾರ. ಕೊಕ್ಕೆ ಬಿಡಿಸಲು ಒಂದರ ಬಾಯಿ ತೆರೆದಾಗ ಅವನ ಅಂಗೈಗೆ ಸಾಸಿವೆಯಂಥ ಮೊಟ್ಟೆಗಳು ಉದುರಿದವು.