ಪಟ್ಟದ ಗೊಂಬೆಯ ಪಕ್ಕದ ದೇವರು

ಬೆಳಿಗ್ಗೆ ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಒನ್ ಟೌನಿನ ಮಾರುಕಟ್ಟೆಗೆ ಹೋಗಿ ಕೊಬ್ಬರಿ, ಹೂವು ತಂದೆ. ದಸರಾ ಗೊಂಬೆಗಳ ಮುಂದೆ ದೀಪ ಹಚ್ಚಿ ಕಡಲೆಕಾಳಿನ ಗುಗ್ಗರಿಗೆ ಒಗ್ಗರಣೆ ಹಾಕಿದೆ. ವಿಶಾಖಪಟ್ಟಣದಲ್ಲಿದ್ದ ನಮ್ಮ ಯಜಮಾನರಿಗೆ ಫೋನು ಮಾಡಿದೆ. ಎತ್ತಲಿಲ್ಲ.

ಬ್ಯಾಂಕಿನವರು ಅವರನ್ನು ಅಲ್ಲಿಗೆ ವರ್ಗ ಮಾಡಿದಾಗ, ಮಗಳ ಕಾಲೇಜಿಗಾಗಿ ನಾವಿಬ್ಬರೂ ವಿಜಯವಾಡದಲ್ಲೇ ಉಳಿದಿದ್ದೆವು. ಹಿಂದಿನ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ನಾನು ಫೋನು ಮಾಡಿದ ದಿನ ಮುಂಜಾನೆ, ಅಲ್ಲೇ ಹತ್ತಿರದ ಸಿಂಹಾಚಲಂ ಬೆಟ್ಟದ ದೇವರ ದರ್ಶನ ಮುಗಿಸಿ ಮನೆಗೆ ಬರಲು ರೈಲು ಹತ್ತುತ್ತೇನೆ ಎಂದಿದ್ದರು. ಬೆಟ್ಟದ ಮೆಟ್ಟಿಲು ಬೇಡ, ಬಸ್ಸಿನಲ್ಲಿ ಹೋಗಿ ಎಂದಿದ್ದೆ. ಹೂಂ ಅಂದಿದ್ದರು. ಅವರ ಹೂಂ ಎಂಥದ್ದು ಅಂತ ನನಗೆ ಗೊತ್ತಿಲ್ಲವೇ?

ಆ ದಸರೆಗೆ ಮಗಳು ಗೊಂಬೆ ಮಾಡುವ ಊರಾದ ಕೊಂಡಪಲ್ಲಿಯಿಂದ ಬಣ್ಣ ಹಚ್ಚದ ಮರದ ಗೊಂಬೆಯೊಂದನ್ನು ತಂದು, ರಟ್ಟಿನ ರೆಕ್ಕೆ ಅಂಟಿಸಿ, ಬಣ್ಣ ಬಳಿದು, ಪಟ್ಟದ ಗೊಂಬೆಗಳ ಪಕ್ಕದಲ್ಲಿ ನಿಲ್ಲಿಸಿದ್ದಳು. ಪಟ್ಟದ ಗೊಂಬೆ ಎಂದರೆ ಮದುವೆಯಲ್ಲಿ ತವರಿನವರು ಕೊಟ್ಟ ರಾಜ ರಾಣಿಯರ ಜೋಡಿ. ಹೊಸಬನ ಹೆಸರು ಪೊಥೊಸ್, ಗ್ರೀಕರ ಒಬ್ಬ ಸಣ್ಣ ದೇವರು. ಅವರ ಮನ್ಮಥನಿಗೆ ತಮ್ಮನಂತೆ. ದೂರ ಇರುವವರಿಗಾಗಿ ಹಂಬಲಿಸುವಂತೆ ಮಾಡುವುದೇ ಅವನ ಕೆಲಸವಂತೆ.

"ನಿನಗೋಸ್ಕರವೇ ತಂದಿದ್ದು ಅಮ್ಮ. ಅಪ್ಪ ಬರೋ ದಿನ ಬಾಲ್ಕನಿ ಬಿಟ್ಟು ಕದಲಲ್ಲ ನೀನು," ಎಂದು ರೇಗಿಸಿದ್ದಳು. ನಾನೂ ನಕ್ಕಿದ್ದೆ.

ಮಧ್ಯಾಹ್ನದವರೆಗೂ ನಾನು ಮಾಡಿದಾಗೆಲ್ಲ ಅವರ ಫೋನು ರಿಂಗಾಗುತ್ತಲೇ ಇತ್ತು. ಆಮೇಲೆ ಅದೂ ನಿಂತಿತು. ಬ್ಯಾಂಕಿಗೆ ರಜೆ, ಅಲ್ಲಿ ಯಾರನ್ನು ಕೇಳುವುದು? ನನ್ನ ಮನಸ್ಸು ಬೇರೆಡೆ ತಿರುಗಲೆಂದು ಮಗಳು ಆ ದೇವರ ಕತೆಯನ್ನೇ ಹೇಳತೊಡಗಿದಳು. ಮಾತಿನ ಓಘದಲ್ಲಿ, "ಅವನ ಹೆಸರಿಂದೇ ಒಂದು ಹೂವಿತ್ತಂತೆ. ಅದನ್ನ ಸಮಾಧಿ ಮೇಲೆ ಇಡ್ತಿದ್ರಂತೆ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ಕೂರಿಸಿದ ಗೊಂಬೆಯನ್ನು ವಿಜಯದಶಮಿಯ ತನಕ ಕದಲಿಸಬಾರದು. ಆ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ, ನಂತರವೇ ಉಳಿದವನ್ನು ತೆಗೆಯುವುದು ನಮ್ಮ ಪದ್ಧತಿ. ದಶಮಿ ಇನ್ನೂ ಬಂದಿರಲಿಲ್ಲ. ಆದರೂ ಆ ರೆಕ್ಕೆಯ ದೇವರನ್ನು ಮನೆಯಿಂದ ಆಚೆ ಹಾಕಬೇಕೆನಿಸಿ ಕೈ ಚಾಚಿದೆ. ಅವಸರದಲ್ಲಿ ಮೊಣಕೈ ರಾಜನಿಗೆ ತಗುಲಿ, ಅವನು ಬಿಳಿ ಬಟ್ಟೆಯ ಮೇಲೆ ಅಂಗಾತ ಬಿದ್ದ. ರಾಣಿ ಒಬ್ಬಳೇ ನಿಂತಿದ್ದಳು.

"ಪರವಾಲೇದು ಅಮ್ಮ, ಗೊಂಬೆ ತಾನೇ," ಎನ್ನುತ್ತ ಮಗಳು ರಾಜನನ್ನು ಎತ್ತಿ ನಿಲ್ಲಿಸಿದಳು. ಗಾಬರಿಯಾದರೆ ಅವಳಿಗೆ ತೆಲುಗೇ ಮೊದಲು ಬರುವುದು. ನಾನು ಬಾಲ್ಕನಿಗೆ ಹೋಗಿ ಕಂಬಿ ಹಿಡಿದುಕೊಂಡೆ. ಬೀದಿಗೆ ಬಂದ ಪ್ರತಿ ಆಟೋವೂ ಮುಂದಿನ ಮನೆಗೇ ಹೋಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಒಂದು ನಮ್ಮ ಗೇಟಿನ ಮುಂದೆ ನಿಂತಿತು. ಕೈಯಲ್ಲಿ ಪ್ರಸಾದದ ಚೀಲ ಹಿಡಿದು ಅವರು ಇಳಿದರು. ದೇವಸ್ಥಾನದ ಕೌಂಟರಿನಲ್ಲಿ ಇಟ್ಟ ಫೋನನ್ನು ರೈಲಿನ ಅವಸರದಲ್ಲಿ ಮರೆತು ಬಂದಿದ್ದರು. ಅದರ ಟೋಕನ್ ಮಾತ್ರ ಜೇಬಿನಲ್ಲಿತ್ತು. ಪಕ್ಕದವರ ಫೋನು ಕೇಳಬಾರದಿತ್ತೇ ಎಂದೆ.

"ನಿನ್ನ ನಂಬರು ನನಗೆ ಬಾಯಿಪಾಠ ಇದ್ರಲ್ಲವಾ?"

ಮಗಳು ಜೋರಾಗಿ ನಕ್ಕಳು. ನಾನು ನಗಲಿಲ್ಲ. "ಮೆಟ್ಟಿಲು ಹತ್ತಿದ್ರಾ?" ಎಂದು ಕೇಳಿದೆ.

"ಅರ್ಧ ಹತ್ತಿದೆ. ಆಮೇಲೆ ಸ್ವಲ್ಪ ಹೊತ್ತು ಕೂತ್ಕೊಂಡೆ."

ಯಾಕೆ ಕೂತಿರಿ ಎಂದು ಕೇಳುವ ಧೈರ್ಯ ಬರಲಿಲ್ಲ. ನಾಳೆ ಡಾಕ್ಟರ ಹತ್ತಿರ ಹೋಗೋಣ ಎಂದಷ್ಟೇ ಹೇಳಿದೆ. ಅವರು ವಾದ ಮಾಡದೆ ಒಪ್ಪಿಕೊಂಡರು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ರೆಕ್ಕೆಯವನನ್ನು ಅವನ ಜಾಗದಲ್ಲೇ ಬಿಟ್ಟೆ.

ಸಿಂಹಾಚಲದ ಪ್ರಸಾದದ ಪುಳಿಯೋಗರೆ, ಬೆಳಗಿನ ಗುಗ್ಗರಿ, ಮೊಸರನ್ನ ತಿಂದೆವು. ಮೊದಲು ನಿದ್ದೆಹೋದವರು ಅವರು, ಆಮೇಲೆ ಮಗಳು. ನಾನು ಅವರ ಎದೆಯ ಮೇಲೆ ಕೈಯಿಟ್ಟುಕೊಂಡು ಎಚ್ಚರವಾಗಿದ್ದೆ.