ಸೋಮವಾರ ಹೂಡದ ಯಂತ್ರ

ಕುಷ್ಟಗಿಯಲ್ಲಿ ಸೋಮವಾರದ ನಸುಕು ಹರಿಯುತ್ತಿದೆ. ಬಸವಣ್ಣನ ವಾರ, ಎತ್ತುಗಳಿಗೆ ನೊಗವಿಲ್ಲ. ವಿರುಪಾಕ್ಷಿಯವರಿಗೆ ಮಾತ್ರ ಆ ಭಾಗ್ಯವಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ದಾಳಿಂಬೆ ತೋಟದಿಂದ ಬಂದ ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಾರೆ.

ಮೋಟಾರು ಕೆಟ್ಟಾಗ ಊರಿಗೆಲ್ಲ ನೆನಪಾಗುವ ಈ ಹೆಸರು, ನೀರು ಬಂದ ಕೂಡಲೇ ಮರೆತುಹೋಗುತ್ತದೆ. ಆದರೆ ಕನಕಗಿರಿ, ಗಂಗಾವತಿ ಕಡೆಯ ಒಂದಷ್ಟು ಮಂದಿಗೆ ಇವರು ‘ಸರ್ವರ್ ಅಣ್ಣ’. ಇಟ್ಟಿಗೆ ಜೋಡಿಸಿ ಊರು ಕಟ್ಟುವ ಮೊಬೈಲ್ ಆಟವೊಂದನ್ನು ಅವರೆಲ್ಲ ಕೂಡಿ ಆಡುತ್ತಾರೆ. ಅದಕ್ಕೆ ಎಲ್ಲೋ ಒಂದು ಕಂಪ್ಯೂಟರು, ಅಂದರೆ ಸರ್ವರು, ಸದಾ ಚಾಲೂ ಇರಬೇಕು. ಅದು ಇದ್ದದ್ದು ವಿರುಪಾಕ್ಷಿಯವರ ಅಡುಗೆಮನೆಯಲ್ಲಿ, ಜೋಳದ ಚೀಲಗಳ ಪಕ್ಕ.

ಸೋಮವಾರ ಬಂತೆಂದರೆ ತಾಯಿ ಗಾಳೆಮ್ಮ ಅದರ ಸ್ವಿಚ್ ಆರಿಸಿ ವಿಭೂತಿ ಹಚ್ಚುತ್ತಿದ್ದರು. “ಎತ್ತಿಗೂ ವಾರಕ್ಕೊಂದಿನ ಸೂಟಿ ಐತಿ. ಇದು ಹಗಲೂ ರಾತ್ರಿ ಗುರ್ ಅಂತ ದುಡೀತೈತಿ. ಇದರ ಪಾಪ ಯಾರಿಗ್ಯಪ್ಪಾ?” ಹಟದಲ್ಲಿ ತಾಯಿಯೇ ಗೆದ್ದರು. ಸೋಮವಾರ ಆಟವಿಲ್ಲ ಎಂಬುದಕ್ಕೆ ಆಡುವವರೂ ಒಗ್ಗಿಕೊಂಡರು.

ಕರೆಂಟು ಹೋಗಿ ಬಂದು, ಹೋಗಿ ಬಂದು, ಈ ಬೇಸಿಗೆಯಲ್ಲಿ ಕಂಪ್ಯೂಟರು ಏದುಸಿರು ಬಿಡತೊಡಗಿತು. ಅದರೊಳಗೆ ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಯ ರೇಣುಕಾ ಆಟದಲ್ಲಿ ಕಟ್ಟಿದ ಬಾವಿಯಿತ್ತು. ಊರಲ್ಲಿ ಮುಚ್ಚಿಹೋದ ಮೆಟ್ಟಿಲ ಬಾವಿಯನ್ನು ಆಕೆ ಆಡು ಮೇಯಿಸುತ್ತಲೇ, ನೆನಪಿನಿಂದ ಒಂದೊಂದೇ ಕಲ್ಲು ಇಟ್ಟು ಎಬ್ಬಿಸಿದ್ದರು. “ಅಣ್ಣಾ, ಅದು ಹೋತಂದ್ರ ನಾ ಮತ್ತ ಕಟ್ಟಂಗಿಲ್ಲ ನೋಡು” ಎಂದಿದ್ದರು.

ಎಲ್ಲರೂ ವಂತಿಗೆ ಹಾಕಿ, ಕಂಪನಿಯೊಂದರ ಕ್ಲೌಡ್‌ನಲ್ಲಿ, ಅಂದರೆ ದೂರದಲ್ಲಿರುವ ಅದರ ಯಂತ್ರದಲ್ಲಿ, ಬಾಡಿಗೆ ಜಾಗ ಹಿಡಿದರು. ಆಡುವವರಿಗೆ ಬೇಸರವಾದೀತೆಂದು ವಿರುಪಾಕ್ಷಿ ಆಟ ನಿಲ್ಲಿಸದೆಯೇ ಎಲ್ಲವನ್ನೂ ಅಲ್ಲಿಗೆ ನಕಲು ಮಾಡಿದರು. ಬಾವಿ ಅರ್ಧವೇ ಬಂತು. ಇನ್ನೊಮ್ಮೆ ಮಾಡಿದರೂ ಅದೇ ಕತೆ. “ಓಡೋ ಮೋಟಾರು ಬಿಚ್ಚಬಾರದು ಅಂತ ಮಂದಿಗೆ ಹೇಳಾಂವ ನಾನ. ನಾನ ಹಂಗ ಮಾಡೀನ್ರಿ!” ಎಂದು ಈಗ ನಗುತ್ತಾರೆ.

ಆಗ ತಲೆ ಹಿಡಿದು ಕೂತ ಮಗನನ್ನು ಕಂಡು ಗಾಳೆಮ್ಮ ಕೇಳಿದ್ದು ಇಷ್ಟೇ: “ನಡಿಯೋ ಎತ್ತಿಗೆ ಯಾರರ ಲಾಳ ಹೊಡೀತಾರೇನು? ಸೋಮವಾರ ಬರಲಿ ತಡಿ.”

ಸೋಮವಾರ ಬಂತು. ಆಟ ನಿಂತಿತ್ತು, ಒಬ್ಬರೂ ಒಳಗಿರಲಿಲ್ಲ. ನಕಲು ಮಾಡಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಚಾಲೂ ಇಡಬೇಕೆಂದಾಗ ಗಾಳೆಮ್ಮ ಯೋಚಿಸಿ ಅಪ್ಪಣೆ ಕೊಟ್ಟರು: “ಕೊಟ್ಟಿಗಿ ಬದಲಸಾಕಂದ್ರ ನಡೀಲಿ. ಅವಸರ ಮಾಡಬ್ಯಾಡ.”

ಮರುದಿನ ಬೆಳಿಗ್ಗೆ ಹೊಸ ಜಾಗದಲ್ಲಿ ಆಟಕ್ಕಿಳಿದ ರೇಣುಕಾ ಫೋನಿನಲ್ಲಿ ಕಿರುಚಿದರು. “ಅಣ್ಣಾ, ನೀರಿನ ತನಕ ಇಳದ್ನಿ! ಎಲ್ಲಾ ಮೆಟ್ಲಾ ಅದಾವು!” ವಿರುಪಾಕ್ಷಿ ಹಾಕಿದ ಸಿಳ್ಳೆಗೆ ಎದುರುಮನೆಯ ಮುದಿಯಪ್ಪಜ್ಜ ಏನಾಯಿತೋ ಎಂದು ಬೀದಿಗೆ ಓಡಿಬಂದರು. ಹಿಗ್ಗು ಅಂದರೆ ಅದು!

ಕಂಪನಿಯ ಯಂತ್ರಕ್ಕೆ ಸುಸ್ತಿಲ್ಲ, ವಾರದ ಏಳೂ ದಿನಕ್ಕೆ ಬಾಡಿಗೆ ಕೊಟ್ಟಾಗಿದೆ. ಆದರೂ ಈ ನಸುಕಿನಲ್ಲಿ ವಿರುಪಾಕ್ಷಿ ತಂತಿ ಬದಿಗಿಟ್ಟು, ಕೈ ಒರೆಸಿಕೊಂಡು, ಮೊಬೈಲಿನಿಂದಲೇ ಆಟ ನಿಲ್ಲಿಸುತ್ತಾರೆ. ಬಾಗಿಲಲ್ಲಿ ನಿಂತ ಗಾಳೆಮ್ಮ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಬಾಡಿಗೆ ದಂಡವಾಗದೇ ಎಂದು ಕೇಳಿದರೆ ವಿರುಪಾಕ್ಷಿ ಮೀಸೆಯಡಿ ನಗುತ್ತಾರೆ.

“ಬಾಡಿಗಿ ಎತ್ತಾದ್ರೂ ಎತ್ತ ಅಲ್ಲೇನ್ರಿ? ಸೋಮವಾರ ನಮ್ಮನ್ಯಾಗ ಯಾವ ಎತ್ತೂ ಹೂಡಂಗಿಲ್ಲ.”